ವಿಟಮಿನ್, ಖನಿಜಾಂಶದ ಟೆಸ್ಟ್: ಲ್ಯಾಬ್‌ನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹದಿನಾರು ವರ್ಷದಿಂದ ಲ್ಯಾಬ್‌ನಲ್ಲಿ ರಕ್ತ ತೆಗೆಯುವ ಕೆಲಸ ನನ್ನದು. ತೋಳಿಗೆ ಪಟ್ಟಿ ಬಿಗಿದು ನರ ಹುಡುಕುವ ಆ ಎರಡು ನಿಮಿಷದಲ್ಲಿ ಜನ ಮನಸ್ಸಿನಲ್ಲಿರುವುದನ್ನೆಲ್ಲ ಕೇಳುತ್ತಾರೆ. ಈಚೆಗೆ ಜಾಸ್ತಿ ಬರುವುದು ವಿಟಮಿನ್ ಟೆಸ್ಟಿನ ಪ್ರಶ್ನೆಗಳೇ. ನಾನು ಡಾಕ್ಟರ್ ಅಲ್ಲ, ಔಷಧಿ ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ಯಾವ ಟೆಸ್ಟ್ ಏನನ್ನು ಅಳೆಯುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ ಅನ್ನುವುದನ್ನು ದಿನಾ ನೋಡುತ್ತೇನೆ. ಸೂಜಿ ಕೈಯಲ್ಲಿ ಹಿಡಿದುಕೊಂಡು ಪೂರ್ತಿ ಹೇಳಲಾಗದ ಉತ್ತರಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇನೆ.

ತುಂಬಾ ಸುಸ್ತು. ಎಲ್ಲ ವಿಟಮಿನ್ನೂ ಒಂದೇ ಸಲ ಚೆಕ್ ಮಾಡಿಸಿಬಿಡಲಾ?

ಬೇಡ. ಸುಸ್ತಿಗೆ ನೂರೆಂಟು ಕಾರಣ ಇರುತ್ತವೆ. ಥೈರಾಯ್ಡ್, ಸಕ್ಕರೆ ಕಾಯಿಲೆ, ಸರಿಯಾಗಿ ನಿದ್ದೆ ಇಲ್ಲದಿರುವುದು, ಮನಸ್ಸಿನ ಭಾರ. ವಿಟಮಿನ್ ಕೊರತೆ ಅವುಗಳಲ್ಲಿ ಒಂದು ಅಷ್ಟೇ. ಮೊದಲು ಡಾಕ್ಟರಿಗೆ ತೋರಿಸಿ. ಅವರು ಬಹುಶಃ ಸಿಬಿಸಿಯಿಂದ, ಅಂದರೆ ರಕ್ತಕಣಗಳನ್ನು ಎಣಿಸಿ ಅಳೆಯುವ ಟೆಸ್ಟಿನಿಂದ, ಶುರು ಮಾಡುತ್ತಾರೆ. ಕೆಲವು ನೂರು ರೂಪಾಯಿಯ ಈ ಸಾದಾ ಟೆಸ್ಟ್ ಎಷ್ಟು ಸುಳಿವು ಕೊಡುತ್ತದೆ ಅಂದರೆ, ನನ್ನ ಪ್ರಕಾರ ಅದಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ಕೆಂಪು ರಕ್ತಕಣ ಚಿಕ್ಕದಾಗಿದ್ದರೆ ಕಬ್ಬಿಣದ ಕಡೆ ಬೆರಳು ತೋರಿಸುತ್ತದೆ. ದೊಡ್ಡದಾಗಿದ್ದರೆ ಬಿ12 ಅಥವಾ ಫೋಲಿಕ್ ಆಸಿಡ್ ಕಡೆ. ಎರಡೂ ಕಮ್ಮಿ ಇದ್ದರೆ ಸರಾಸರಿ ಗಾತ್ರ ನಾರ್ಮಲ್ ಅಂತಲೇ ಬಂದುಬಿಡುತ್ತದೆ. ಆಗ ಆರ್‌ಡಿಡಬ್ಲ್ಯು ಅನ್ನುವ ಸಾಲು ನೋಡಬೇಕು. ಕಣಗಳಲ್ಲಿ ಚಿಕ್ಕದು ದೊಡ್ಡದು ಎಷ್ಟು ಬೆರೆತಿವೆ ಅನ್ನುವುದನ್ನು ಅದು ಹೇಳುತ್ತದೆ.

ದೊಡ್ಡ ಪ್ಯಾಕೇಜಿನ ಇನ್ನೊಂದು ತೊಂದರೆ ಲೆಕ್ಕದ್ದು. ಬಹುತೇಕ ಟೆಸ್ಟ್‌ಗಳಲ್ಲಿ ‘ನಾರ್ಮಲ್’ ಗೆರೆಯನ್ನು ಆರೋಗ್ಯವಂತರಲ್ಲಿ ನೂರಕ್ಕೆ 95 ಜನ ಒಳಗೆ ಬರುವ ಹಾಗೆ ಎಳೆದಿರುತ್ತಾರೆ. ಉಳಿದ ಐದು ಜನಕ್ಕೆ ಏನೂ ಆಗಿರುವುದಿಲ್ಲ, ಆದರೂ ಗೆರೆಯ ಆಚೆ ಇರುತ್ತಾರೆ. ಗಟ್ಟಿಮುಟ್ಟಾಗಿರುವ ಒಬ್ಬರಿಗೆ ಒಂದಕ್ಕೊಂದು ಸಂಬಂಧ ಇಲ್ಲದ 20 ಟೆಸ್ಟ್ ಮಾಡಿದರೆ, ಒಂದಾದರೂ ಕೆಂಪು ಅಕ್ಷರದಲ್ಲಿ ಬರುವ ಸಾಧ್ಯತೆ ಸುಮಾರು ಶೇ. 64. ಆ ಒಂದು ಕೆಂಪು ಅಕ್ಷರ ಹಿಡಿದುಕೊಂಡು ರಾತ್ರಿಯೆಲ್ಲಾ ನಿದ್ದೆ ಬಿಟ್ಟು ಬೆಳಗ್ಗೆ ಏಳಕ್ಕೇ ನಮ್ಮ ಬಾಗಿಲಲ್ಲಿ ನಿಂತವರನ್ನು ನೋಡಿದ್ದೇನೆ. ಪಾಪ ಅನ್ನಿಸುತ್ತದೆ.

ಹಾಗಾದರೆ ನಿಜವಾಗಿ ಯಾರು ಮಾಡಿಸಬೇಕು?

ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗುವವರು ಮತ್ತು ಗರ್ಭಿಣಿಯರು ಹಿಮೋಗ್ಲೋಬಿನ್, ಜೊತೆಗೆ ಮೈಯ ಕಬ್ಬಿಣದ ದಾಸ್ತಾನು ಹೇಳುವ ಫೆರಿಟಿನ್ ನೋಡಿಸಬೇಕು. ಮೊಟ್ಟೆ, ಮೀನು, ಮಾಂಸ ತಿನ್ನದವರು, 60 ದಾಟಿದವರು, ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅಥವಾ ಗ್ಯಾಸ್ಟ್ರಿಕ್ ಮಾತ್ರೆಯನ್ನು ವರ್ಷಗಟ್ಟಲೆ ನುಂಗುತ್ತಿರುವವರು ಬಿ12 ಬಗ್ಗೆ ಡಾಕ್ಟರನ್ನು ಕೇಳಬೇಕು. ಹೊಟ್ಟೆ ಅಥವಾ ಕರುಳಿನ ಆಪರೇಷನ್ ಆದವರಿಗೆ, ಗೋಧಿ ಒಗ್ಗದ ಸೀಲಿಯಾಕ್ ಥರದ ಕಾಯಿಲೆ ಇರುವವರಿಗೆ ಹಲವು ಪೋಷಕಾಂಶ ಒಟ್ಟಿಗೆ ಕಮ್ಮಿಯಾಗುತ್ತವೆ. ಅವರಿಗೆ ದೊಡ್ಡ ಪಟ್ಟಿಯೇ ಬೇಕು. ಕಿಡ್ನಿ ತೊಂದರೆ ಇರುವವರದು ಬೇರೆಯೇ ಲೆಕ್ಕ.

ಹಿಮೋಗ್ಲೋಬಿನ್ ನಾರ್ಮಲ್ ಇದೆ. ಆದರೂ ಕಬ್ಬಿಣ ಕಮ್ಮಿ ಅಂತಾರಲ್ಲ, ಅದು ಹೇಗೆ?

ಇದನ್ನು ಎಲ್ಲರಿಗೂ ಕೂಗಿ ಹೇಳಬೇಕು ಅನ್ನಿಸುತ್ತದೆ. ಮನೆಯ ಡಬ್ಬಿಯಲ್ಲಿ ಅಕ್ಕಿ ಖಾಲಿಯಾದ ದಿನವೇ ಊಟ ನಿಲ್ಲುವುದಿಲ್ಲ, ಅಲ್ವಾ? ಒಲೆಯ ಮೇಲಿನ ಪಾತ್ರೆಯಲ್ಲಿ ಅನ್ನ ಇರುತ್ತದೆ. ಫೆರಿಟಿನ್ ಅಂದರೆ ಡಬ್ಬಿಯ ಅಕ್ಕಿ. ಹಿಮೋಗ್ಲೋಬಿನ್ ಅಂದರೆ ಪಾತ್ರೆಯ ಅನ್ನ. ಮೊದಲು ಖಾಲಿಯಾಗುವುದು ಡಬ್ಬಿ.

ಹೋದ ವರ್ಷ ಒಬ್ಬ ಟೀಚರ್ ಬಂದಿದ್ದರು. ಹಿಮೋಗ್ಲೋಬಿನ್ 12.1. ಹೆಂಗಸರಿಗೆ 12ಕ್ಕಿಂತ ಕಮ್ಮಿ ಇದ್ದರೆ ರಕ್ತಹೀನತೆ, ಗರ್ಭಿಣಿಯರಿಗೆ 11, ಗಂಡಸರಿಗೆ 13. ಹಾಗಾಗಿ ಅವರಿಗೆ ಎಲ್ಲ ಸರಿ ಇದೆ ಅಂತ ಹೇಳಿ ಕಳಿಸಿದ್ದರು. ಮೆಟ್ಟಿಲು ಹತ್ತಿದರೆ ಏದುಸಿರು, ಬಾಚಣಿಗೆ ತುಂಬಾ ಕೂದಲು. ರಕ್ತ ಕೊಡುವಾಗ ಸಣ್ಣ ದನಿಯಲ್ಲಿ ಒಂದು ಮಾತು ಹೇಳಿದರು: ‘ಅಕ್ಕಿ ಆರಿಸ್ತಾ ಆರಿಸ್ತಾ ಒಂದು ಮುಷ್ಟಿ ಹಸಿ ಅಕ್ಕಿ ತಿಂದಿರ್ತೀನಿ, ಬಿಡಕ್ಕೇ ಆಗಲ್ಲ.’ ಹಸಿ ಅಕ್ಕಿ, ಬಳಪ, ಮಣ್ಣು, ಐಸ್ ತಿನ್ನುವ ಚಪಲ ಕಬ್ಬಿಣ ಕಮ್ಮಿಯಾದಾಗ ಬರುತ್ತದೆ. ಡಾಕ್ಟರಿಗೆ ಇದನ್ನು ಮರೆಯದೆ ಹೇಳಿ ಅಂದೆ. ಅವರು ಫೆರಿಟಿನ್ ಬರೆದರು. ಬಂದದ್ದು 6. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಲ್ಲಿ 15ಕ್ಕಿಂತ ಕೆಳಗೆ ಹೋದರೆ ದಾಸ್ತಾನು ಖಾಲಿ. 30ಕ್ಕಿಂತ ಕಮ್ಮಿ ಇದ್ದರೂ ಸಾಕು, ಚಿಕಿತ್ಸೆ ಶುರು ಮಾಡುವ ಡಾಕ್ಟರುಗಳು ಬಹಳ ಜನ ಇದ್ದಾರೆ.

ಇದು ಅವರೊಬ್ಬರ ಕಥೆ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು ಶೇ. 48 ಮಂದಿಗೆ ರಕ್ತಹೀನತೆ ಕಂಡಿತ್ತು. ಡಬ್ಬಿ ಖಾಲಿಯಾಗಿ ಪಾತ್ರೆಯಲ್ಲಿ ಇನ್ನೂ ಅನ್ನ ಇರುವವರು ಆ ಲೆಕ್ಕಕ್ಕೆ ಸೇರಿಲ್ಲ.

ಸೀರಮ್ ಐರನ್ ಮಾಡಿಸಿದರೆ ಸಾಲದಾ?

ಸಾಲದು. ಅದು ಆ ಹೊತ್ತಿಗೆ ರಕ್ತದಲ್ಲಿ ಓಡಾಡುತ್ತಿರುವ ಕಬ್ಬಿಣದ ಅಳತೆ, ಬೆಳಗ್ಗೆ ಒಂದು, ಸಂಜೆ ಒಂದು. ಹಿಂದಿನ ದಿನ ಮಾತ್ರೆ ನುಂಗಿದ್ದರೆ ಇನ್ನೊಂದು. ಫೆರಿಟಿನ್ನೇ ನಂಬಿಕೆಯದ್ದು. ಆದರೆ ಅದಕ್ಕೂ ಒಂದು ದೋಷ ಇದೆ: ಜ್ವರ, ಸೋಂಕು, ಸಂಧಿವಾತ ಇದ್ದಾಗ ಕಬ್ಬಿಣ ಕಮ್ಮಿ ಇದ್ದರೂ ಫೆರಿಟಿನ್ ಏರಿ ಕೂತಿರುತ್ತದೆ. ಅದಕ್ಕೇ ಡಾಕ್ಟರ್ ಜೊತೆಯಲ್ಲಿ ಉರಿಯೂತ ಇದೆಯಾ ಅಂತ ತೋರಿಸುವ ಸಿಆರ್‌ಪಿ ಟೆಸ್ಟ್ ಬರೆದಿದ್ದರೆ ‘ಇದು ಯಾಕೆ, ಸುಮ್ನೆ ದುಡ್ಡು’ ಅಂತ ಬಿಡಬೇಡಿ. ಡೆಂಗಿ, ಚಿಕುನ್‌ಗುನ್ಯ ಆಗಿ ವಾರವೂ ಕಳೆಯದಿದ್ದರೆ ಫೆರಿಟಿನ್ ಟೆಸ್ಟನ್ನು ಸ್ವಲ್ಪ ಮುಂದಕ್ಕೆ ಹಾಕಬಹುದಾ ಅಂತ ಕೇಳಿ ನೋಡಿ.

ಮೂರು ತಿಂಗಳಿಂದ ಐರನ್ ಮಾತ್ರೆ ನುಂಗುತ್ತಿದ್ದೇನೆ, ಏರುತ್ತಲೇ ಇಲ್ಲ.

ಯಾವಾಗ ನುಂಗುತ್ತೀರಿ ಅಂತ ಕೇಳಿದರೆ ಹತ್ತರಲ್ಲಿ ಆರು ಜನ ‘ತಿಂಡಿ ಆಗಿ ಕಾಫಿ ಜೊತೆ’ ಅನ್ನುತ್ತಾರೆ. ಕಾಫಿ, ಟೀಯಲ್ಲಿರುವ ಅಂಶಗಳು ಕಬ್ಬಿಣವನ್ನು ಕಟ್ಟಿಹಾಕಿ ಮೈಗೆ ಹತ್ತದ ಹಾಗೆ ಮಾಡುತ್ತವೆ. ಕ್ಯಾಲ್ಸಿಯಂ ಮಾತ್ರೆಯೂ ಅಷ್ಟೇ. ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಿಕೊಳ್ಳುವ ಗರ್ಭಿಣಿಯರು ಎಷ್ಟೊಂದು ಜನ. ಒಂದನ್ನು ಬೆಳಗ್ಗೆ, ಇನ್ನೊಂದನ್ನು ರಾತ್ರಿ ಇಟ್ಟುಕೊಳ್ಳಿ. ಐರನ್ ಜೊತೆ ಕಾಫಿ ಬದಲು ನಿಂಬೆ ಪಾನಕ ಕುಡಿದರೆ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಾದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ.

ಇಷ್ಟೆಲ್ಲಾ ಸರಿ ಮಾಡಿಯೂ ಏರದಿದ್ದರೆ ಸೋರಿಕೆ ಎಲ್ಲಿ ಅಂತ ಹುಡುಕಬೇಕು. ಬರಿಗಾಲಲ್ಲಿ ಗದ್ದೆ, ತೋಟದಲ್ಲಿ ಓಡಾಡುವವರಿಗೆ ಕೊಕ್ಕೆಹುಳು ಇರಬಹುದು. ಗಂಡಸರಿಗೆ, ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣ ಕಮ್ಮಿಯಾಗಿದೆ ಅಂದರೆ ಹೊಟ್ಟೆ, ಕರುಳಲ್ಲಿ ಎಲ್ಲೋ ರಕ್ತ ಹೋಗುತ್ತಿರಬಹುದು. ಹುಣ್ಣು ಇರಬಹುದು, ಪೈಲ್ಸ್ ಇರಬಹುದು, ಗಡ್ಡೆಯೂ ಇರಬಹುದು. ದಯವಿಟ್ಟು ಟಾನಿಕ್ ಕುಡಿದು ಸುಮ್ಮನಾಗಬೇಡಿ. ಮತ್ತೆ, ಕಣ ಚಿಕ್ಕದಾಗಿದ್ದು ಫೆರಿಟಿನ್ ಚೆನ್ನಾಗಿಯೇ ಇದ್ದರೆ ಅದು ಹುಟ್ಟಿನಿಂದ ಬಂದ ಥಲಸ್ಸೀಮಿಯಾ ಟ್ರೇಟ್, ಅಂದರೆ ಅಪ್ಪ ಅಮ್ಮನಿಂದ ಬಂದ ಹಿಮೋಗ್ಲೋಬಿನ್ ದೋಷದ ಸೌಮ್ಯ ರೂಪ, ಇರಬಹುದು. ಹೆಚ್‌ಪಿಎಲ್‌ಸಿ ಅನ್ನುವ ಟೆಸ್ಟಿನಲ್ಲಿ ಗೊತ್ತಾಗುತ್ತದೆ. ಅಂಥವರು ಕಬ್ಬಿಣ ನುಂಗಿದರೂ ಉಪಯೋಗ ಇಲ್ಲ. ಮದುವೆಗೆ ಮೊದಲು, ಇಲ್ಲವೇ ಬಸುರಿಯಾದ ಕೂಡಲೇ ಇದು ತಿಳಿದಿದ್ದರೆ ಒಳ್ಳೆಯದು. ಗಂಡ ಹೆಂಡತಿ ಇಬ್ಬರಿಗೂ ಇದ್ದರೆ ಮಗುವಿಗೆ ದೊಡ್ಡ ಕಾಯಿಲೆಯಾಗಿ ಬರಬಹುದು.

ಬಿ12 ರಿಪೋರ್ಟ್ 240 ಬಂದಿದೆ. ಕಮ್ಮಿಯಾ, ಸರಿ ಇದೆಯಾ?

ನಡುವೆ ಇದೆ. 200 ಪಿಕೊಗ್ರಾಂಗಿಂತ ಕಮ್ಮಿ ಇದ್ದರೆ ಸಾಮಾನ್ಯವಾಗಿ ಕೊರತೆ ಅನ್ನುತ್ತಾರೆ. 200ರಿಂದ 300 ಅನುಮಾನದ ಜಾಗ. ಅಲ್ಲಿದ್ದಾಗ ಮೈ ಏನು ಹೇಳುತ್ತಿದೆ ಅಂತ ನೋಡಬೇಕು. ಕಾಲು ಜುಮ್ಮೆನ್ನುವುದು, ನಾಲಗೆ ಉರಿ, ಮರೆವು, ನಡೆಯುವಾಗ ಓಲಾಡುವುದು ಇದೆಯಾ? ಖಾತ್ರಿ ಬೇಕಿದ್ದರೆ ಎಂಎಂಎ, ಹೋಮೊಸಿಸ್ಟೀನ್ ಅಂತ ಇನ್ನೆರಡು ಟೆಸ್ಟ್ ಇವೆ. ಬಿ12 ಕೆಲಸಕ್ಕೆ ಸಾಲದಿದ್ದರೆ ಅವು ಏರುತ್ತವೆ.

ಒಬ್ಬರು ಯಜಮಾನರು ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುತ್ತಿದ್ದರು. ಶುದ್ಧ ಸಸ್ಯಾಹಾರಿ. ನಮ್ಮ ಲ್ಯಾಬಿಗೆ ಬಂದಾಗ ಎಡಗಾಲಿನ ಚಪ್ಪಲಿ ಬಾಗಿಲ ಹತ್ತಿರವೇ ಕಳಚಿ ಬಿದ್ದಿತ್ತು. ಅವರಿಗೆ ಅದು ಗೊತ್ತೇ ಆಗಿರಲಿಲ್ಲ. ಸಕ್ಕರೆಯಿಂದ ನರ ಹಾಳಾಗಿದೆ ಅಂತಲೇ ಮನೆಯವರೆಲ್ಲ ನಂಬಿದ್ದರು. ಹೊಸ ಡಾಕ್ಟರ್ ಒಬ್ಬರು ಬಿ12 ಬರೆದರು. 110 ಬಂತು. ಇಂಜೆಕ್ಷನ್ ಶುರುವಾಗಿ ಕೆಲವು ತಿಂಗಳ ಮೇಲೆ ಬಂದಾಗ ಚಪ್ಪಲಿ ಕಾಲಲ್ಲೇ ಇತ್ತು. ಎಲ್ಲರಿಗೂ ಹೀಗೆ ವಾಪಸ್ ಬರುವುದಿಲ್ಲ. ತಡವಾದಷ್ಟೂ ನರಕ್ಕೆ ಆದ ಪೆಟ್ಟು ಉಳಿದುಬಿಡುತ್ತದೆ.

ಒಂದು ಎಚ್ಚರ. ಬಿ12 ಕಮ್ಮಿ ಇರುವವರು ಬರೀ ಫೋಲಿಕ್ ಆಸಿಡ್ ನುಂಗಿದರೆ ರಕ್ತ ಸರಿಹೋದ ಹಾಗೆ ಕಾಣುತ್ತದೆ, ನರ ಮಾತ್ರ ಒಳಗೇ ಹಾಳಾಗುತ್ತಿರುತ್ತದೆ. ಸೊಪ್ಪು, ಕಾಳು, ರಾಗಿಯಲ್ಲಿ ಬಿ12 ಇಲ್ಲ. ಹಾಲು, ಮೊಸರಲ್ಲಿ ಸ್ವಲ್ಪ ಇದೆ. ದಿನಕ್ಕೆ ಎರಡು ಚಮಚ ಮೊಸರು, ಕಾಫಿಗೆ ಬಿಡುವಷ್ಟು ಹಾಲು ಸಾಕಾಗುವುದಿಲ್ಲ.

ವಿಟಮಿನ್ ಡಿ ಎಲ್ಲರಿಗೂ ಕಮ್ಮಿ ಅಂತಾರೆ. ನಾನೂ ಟೆಸ್ಟ್ ಮಾಡಿಸಲಾ?

ಮೂಳೆ ನೋವು, ಪದೇ ಪದೇ ಮೂಳೆ ಮುರಿತ, ಕಿಡ್ನಿ ಅಥವಾ ಲಿವರ್ ತೊಂದರೆ, ಫಿಟ್ಸ್ ಮಾತ್ರೆ, ಮೈ ಪೂರ್ತಿ ಮುಚ್ಚಿಕೊಂಡು ಒಳಗೇ ಇರುವ ಜೀವನ, ಇಂಥದ್ದಿದ್ದರೆ ಮಾಡಿಸಿ. ಏನೂ ತೊಂದರೆ ಇಲ್ಲದ ಆರೋಗ್ಯವಂತ ದೊಡ್ಡವರಿಗೆ ಸುಮ್ಮನೆ ಮಾಡಿಸುವ ಅಗತ್ಯ ಇಲ್ಲ ಅಂತ ಅಮೆರಿಕದ ಹಾರ್ಮೋನ್ ತಜ್ಞರ ಸಂಸ್ಥೆ ಎಂಡೋಕ್ರೈನ್ ಸೊಸೈಟಿ 2024ರಲ್ಲಿ ಹೇಳಿದೆ. 2011ರಲ್ಲಿ ಇದೇ ಸಂಸ್ಥೆ 30 ನ್ಯಾನೊಗ್ರಾಂ ಇರಬೇಕು ಅಂದಿತ್ತು, ಈಗ ಆ ಗೆರೆಯನ್ನೂ ಕೈಬಿಟ್ಟಿದೆ. 20ರ ಮೇಲಿದ್ದರೆ ಬಹುತೇಕ ಜನರಿಗೆ ಸಾಕು ಅನ್ನುವ ವಾದ ಮೊದಲಿನಿಂದಲೂ ಇದೆ. ಆದರೆ ಎಷ್ಟೋ ರಿಪೋರ್ಟುಗಳಲ್ಲಿ ಇವತ್ತಿಗೂ 30ಕ್ಕಿಂತ ಕಮ್ಮಿ ಇದ್ದರೆ ‘ಸಾಲದು’ ಅಂತಲೇ ಅಚ್ಚಾಗುತ್ತದೆ. 26 ಬಂದವರು ಗಾಬರಿಯಾಗಬೇಕಿಲ್ಲ.

ಮಾಡಿಸುವುದಾದರೆ ಚೀಟಿಯಲ್ಲಿ ‘25-ಹೈಡ್ರಾಕ್ಸಿ’ ಅಂತ ಇದೆಯಾ ನೋಡಿ. ಮೈಯ ದಾಸ್ತಾನು ಹೇಳುವುದು ಅದೇ. ‘1,25’ ಅಂತ ಇನ್ನೊಂದಿದೆ, ಅದು ಬೇರೆ ಕಾಯಿಲೆಗಳಿಗೆ. ಕೊರತೆ ಇದ್ದವರಲ್ಲೂ ಅದು ನಾರ್ಮಲ್ ಬರಬಹುದು.

ಈಗ ನಮ್ಮ ಮನೆಯ ಕಥೆ. ನಮ್ಮ ಅತ್ತೆಗೆ ಮಂಡಿ ನೋವಿಗೆ 60,000 ಯೂನಿಟ್ಟಿನ ಡಿ ಪುಡಿ ಬರೆದಿದ್ದರು. ವಾರಕ್ಕೊಂದು ಪೊಟ್ಟಣ. ಔಷಧಿ ಅಂಗಡಿಯಲ್ಲಿ ಬಾಯಲ್ಲಿ ಹೇಳಿದ್ದು ಅವರಿಗೆ ‘ದಿನಕ್ಕೊಂದು’ ಅಂತ ಕೇಳಿಸಿತು. ಪೊಟ್ಟಣದ ಮೇಲೆ ಯಾರೂ ಬರೆದು ಕೊಟ್ಟಿರಲಿಲ್ಲ. ಖಾಲಿಯಾದಾಗಲೆಲ್ಲ ಅದೇ ಅಂಗಡಿಯಿಂದ ಮತ್ತೆ ತಂದರು. ಎರಡು ತಿಂಗಳ ಹತ್ತಿರ ಹಾಲಿಗೆ ಬೆರೆಸಿ ದಿನಾ ಕುಡಿದರು. ಊಟ ಸೇರದಾಯಿತು, ವಾಂತಿ, ಮಲಬದ್ಧತೆ, ತೀರದ ಬಾಯಾರಿಕೆ. ಒಂದು ದಿನ ಮೊಮ್ಮಗನ ಹೆಸರೇ ನೆನಪಾಗಲಿಲ್ಲ. ವಯಸ್ಸಾಯಿತು ಅಂದುಕೊಂಡೆವು. ರಕ್ತ ತೆಗೆದದ್ದು ನಾನೇ. ಕ್ಯಾಲ್ಸಿಯಂ 13 ಬಂತು. 10.5ರ ಒಳಗೆ ಇರಬೇಕಾದದ್ದು. ವಿಟಮಿನ್ ಡಿ 150 ದಾಟಿತ್ತು. ಆಸ್ಪತ್ರೆಯಲ್ಲಿ ವಾರವಿಡೀ ಸಲೈನ್ ಹಾಕಿಸಿಕೊಂಡು ಉಳಿದರು. ದಿನಾ ಲ್ಯಾಬಿನಲ್ಲಿ ಇರುವ ನನಗೇ ಮನೆಯೊಳಗಿನ ಪೊಟ್ಟಣ ಕಾಣಲಿಲ್ಲ. ಅವತ್ತಿನಿಂದ ಡಿ ಕಮ್ಮಿ ಬಂದ ಪ್ರತಿಯೊಬ್ಬರಿಗೂ ರಿಪೋರ್ಟ್ ಕೊಡುವಾಗ ಕೇಳುತ್ತೇನೆ: ‘ವಾರಕ್ಕೊಂದಾ, ದಿನಕ್ಕೊಂದಾ, ಡಾಕ್ಟರ್ ಹತ್ತಿರ ಬರೆಸಿಕೊಳ್ಳಿ.’

ಬಿಸಿಲಲ್ಲಿ ಕೂತರೆ ಸಾಕಲ್ವಾ?

ಬೆಳಗಿನ ಎಳೆಬಿಸಿಲು ಹಿತ. ಆದರೆ ವಿಟಮಿನ್ ಡಿ ಮಾಡುವ ಕಿರಣ ಅದರಲ್ಲಿ ಕಮ್ಮಿ. ನೆರಳು ನಿಮಗಿಂತ ಗಿಡ್ಡ ಇರುವ ಹೊತ್ತಿನಲ್ಲಿ, ಅಂದರೆ ಹೆಚ್ಚು ಕಮ್ಮಿ ಹತ್ತರಿಂದ ಮೂರರವರೆಗೆ, ಕೈಕಾಲಿಗೆ ಸ್ವಲ್ಪ ಹೊತ್ತು ಬಿಸಿಲು ಬೀಳಬೇಕು. ಕಿಟಕಿ ಗಾಜಿನ ಹಿಂದೆ ಕೂತರೆ ಬರೀ ಸೆಕೆ, ವಿಟಮಿನ್ ಇಲ್ಲ.

ಕ್ಯಾಲ್ಸಿಯಂ ನಾರ್ಮಲ್ ಬಂದಿದೆ. ಮೂಳೆ ಗಟ್ಟಿ ಇದೆ ಅಂತಲಾ?

ಅಲ್ಲ. ಮೈಯ ಕ್ಯಾಲ್ಸಿಯಂನಲ್ಲಿ ಶೇ. 99 ಮೂಳೆ, ಹಲ್ಲಿನಲ್ಲಿರುತ್ತದೆ. ರಕ್ತದಲ್ಲಿ ಕಮ್ಮಿಯಾದ ಕೂಡಲೇ ದೇಹ ಮೂಳೆಯಿಂದ ಕಿತ್ತು ತಂದು ತುಂಬುತ್ತದೆ. ಮೂಳೆ ಟೊಳ್ಳಾಗುತ್ತಿದ್ದರೂ ರಿಪೋರ್ಟ್ ನೆಟ್ಟಗೇ ಇರುತ್ತದೆ. ಮೂಳೆಗೆ ಡೆಕ್ಸಾ ಸ್ಕ್ಯಾನ್ ಬೇರೆ ಇದೆ. ಊಟದಲ್ಲಿ ಕ್ಯಾಲ್ಸಿಯಂ ಬೇಕಿದ್ದರೆ ರಾಗಿ ಮನೆಯಲ್ಲೇ ಇದೆಯಲ್ಲ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ. ಅಕ್ಕಿಯಲ್ಲಿರುವುದು ಅದರ ಮುಂದೆ ಲೆಕ್ಕಕ್ಕೇ ಬರುವುದಿಲ್ಲ.

ಮೆಗ್ನೀಷಿಯಂ, ಜಿಂಕ್?

ಮೆಗ್ನೀಷಿಯಂನಲ್ಲಿ ರಕ್ತದ ಸೀರಮ್‌ನಲ್ಲಿರುವುದು ಶೇ. 1ಕ್ಕಿಂತ ಕಮ್ಮಿ. ತೀರಾ ಕಮ್ಮಿ ಬಂದರೆ ನಂಬಿ. ನಾರ್ಮಲ್ ಬಂದರೆ ಅದರಿಂದ ದೊಡ್ಡ ಅರ್ಥ ಏನೂ ಇಲ್ಲ. ಜಿಂಕ್‌ಗೆ ಕಡುನೀಲಿ ಮುಚ್ಚಳದ ವಿಶೇಷ ಟ್ಯೂಬ್ ಬೇಕು. ಸಾಮಾನ್ಯ ಟ್ಯೂಬಿನ ರಬ್ಬರಿನಲ್ಲೇ ಒಂದಿಷ್ಟು ಜಿಂಕ್ ಇರುತ್ತದೆ. ಊಟ ಆದಮೇಲೆ ಅಳತೆ ಇಳಿಯುತ್ತದೆ, ಸೋಂಕಿದ್ದರೂ ಇಳಿಯುತ್ತದೆ. ಕೂದಲಿಗೆ ಅಂತ ತಿಂಗಳುಗಟ್ಟಲೆ ಜಿಂಕ್ ನುಂಗಿದರೆ ತಾಮ್ರ ಕಮ್ಮಿಯಾಗಿ ರಕ್ತಹೀನತೆಯೇ ಬರಬಹುದು. ಒಂದನ್ನು ಏರಿಸಲು ಹೋಗಿ ಇನ್ನೊಂದು ಬೀಳುವುದು ಅಂದರೆ ಇದೇ.

ಅಯೋಡಿನ್ ಎಷ್ಟಿದೆ ನೋಡಬಹುದಾ?

ಒಬ್ಬೊಬ್ಬರಿಗೆ ನೋಡುವ ಒಳ್ಳೆಯ ಟೆಸ್ಟ್ ಇಲ್ಲ. ಮೂತ್ರದ ಅಯೋಡಿನ್ ದಿನಕ್ಕೊಂದು ಥರ ಇರುತ್ತದೆ. ಒಂದು ಊರಿನ, ಒಂದು ಜಿಲ್ಲೆಯ ಸ್ಥಿತಿ ತಿಳಿಯಲು ಅದು ಸರಿ. ನಿಮಗೆ ಬೇಕಾದದ್ದು ಥೈರಾಯ್ಡ್ ಹೇಗಿದೆ ಅಂತ ತೋರಿಸುವ ಟಿಎಸ್‌ಎಚ್ ಟೆಸ್ಟ್. ಅಯೋಡಿನ್ ಉಪ್ಪು ಬರುವ ಮೊದಲು ನಮ್ಮ ಮಲೆನಾಡಿನ ಕಡೆ ಕುತ್ತಿಗೆ ಊದುವ ಗಳಗಂಡ ಕಾಣುತ್ತಿತ್ತು. ಉಪ್ಪನ್ನು ಒಲೆಯ ಪಕ್ಕ ಮುಚ್ಚಳ ಇಲ್ಲದೆ ಇಡಬೇಡಿ, ಅಯೋಡಿನ್ ಹೋಗುತ್ತದೆ.

ಜಾಸ್ತಿಯಾಗಿದೆಯಾ ಅಂತಲೂ ನೋಡಬೇಕಾ?

ಕೆಲವು ಕಡೆ ಅದೇ ಮುಖ್ಯ. ಪಾವಗಡ, ಬಾಗೇಪಲ್ಲಿ ಕಡೆಯ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ದಾರಿ ಇಲ್ಲದಿದ್ದರೆ 1.5ರವರೆಗೆ. ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ, ದೊಡ್ಡವರ ಬೆನ್ನು, ಮಂಡಿ ಬಿಗಿತ ಕಂಡರೆ ವಿಟಮಿನ್ ಪ್ಯಾಕೇಜಿಗೆ ದುಡ್ಡು ಸುರಿಯುವ ಮೊದಲು ಬೋರ್‌ವೆಲ್ ನೀರನ್ನು ಟೆಸ್ಟಿಗೆ ಕೊಡಿ.

ಖಾಲಿ ಹೊಟ್ಟೆಯಲ್ಲಿ ಬರಬೇಕಾ? ಮಾತ್ರೆ ನಿಲ್ಲಿಸಬೇಕಾ?

ಡಿ, ಬಿ12, ಫೆರಿಟಿನ್‌ಗೆ ಉಪವಾಸ ಬೇಕಿಲ್ಲ. ಸೀರಮ್ ಐರನ್, ಜಿಂಕ್ ಇದ್ದರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ, ಐರನ್ ಮಾತ್ರೆಯನ್ನು ಹಿಂದಿನ ದಿನವೇ ಬಿಟ್ಟಿರಿ. ಬಿ12 ಇಂಜೆಕ್ಷನ್ ಹಾಕಿಸಿಕೊಂಡು ಮರುದಿನ ಬಿ12 ಟೆಸ್ಟಿಗೆ ಬಂದರೆ ನಂಬರ್ ಆಕಾಶಕ್ಕೆ ಏರಿರುತ್ತದೆ, ಅದು ಇಂಜೆಕ್ಷನ್ನಿನ ನಂಬರ್.

ಯಾರೂ ಹೇಳದೇ ಬಿಡುವುದು ಬಯೋಟಿನ್ ಅನ್ನುವ ಬಿ ಗುಂಪಿನ ವಿಟಮಿನ್ ವಿಷಯ. ಕೂದಲು, ಉಗುರಿಗೆ ಅಂತ ನುಂಗುವ ಮಾತ್ರೆಯಲ್ಲಿ ಅದು ತುಂಬಾ ಇರುತ್ತದೆ. ನಮ್ಮ ಎಷ್ಟೋ ಮಷೀನುಗಳು ಅಳತೆಗೆ ಬಳಸುವುದೇ ಬಯೋಟಿನ್ನಿನ ಅಂಟುಗುಣವನ್ನು. ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಥೈರಾಯ್ಡ್, ಬಿ12, ಡಿ, ಹೃದಯಾಘಾತ ಪತ್ತೆಗೆ ಮಾಡುವ ಟ್ರೊಪೊನಿನ್ ಕೂಡ ತಪ್ಪು ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿದೆ. ಡಾಕ್ಟರನ್ನು ಕೇಳಿ ಎರಡು ಮೂರು ದಿನ ಮೊದಲೇ ನಿಲ್ಲಿಸಿ. ನಮಗೂ ಒಂದು ಮಾತು ಹೇಳಿ.

ರಕ್ತ ಕೊಡುವಾಗ ಮುಷ್ಟಿಯನ್ನು ಬಿಗಿದು ಬಿಚ್ಚಿ ಮಾಡಬೇಡಿ. ಪೊಟ್ಯಾಸಿಯಂ ಸುಳ್ಳೇ ಏರುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಇಡಿಟಿಎ ಅನ್ನುವ, ಪೊಟ್ಯಾಸಿಯಂ ಸೇರಿದ ಉಪ್ಪು ಇರುತ್ತದೆ. ಅದು ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುತ್ತದೆ. ಅದರ ಒಂದೆರಡು ಹನಿ ಬೇರೆ ಟ್ಯೂಬಿಗೆ ಸೇರಿದರೂ ಕ್ಯಾಲ್ಸಿಯಂ ಬಿದ್ದು ಪೊಟ್ಯಾಸಿಯಂ ಏರಿಬಿಡುತ್ತದೆ. ಅದಕ್ಕೇ ನಾವು ನೇರಳೆಯನ್ನು ಕೊನೆಯ ಕಡೆ ತುಂಬುತ್ತೇವೆ. ಯಾವುದೇ ನಂಬರ್ ನಿಮ್ಮ ಮೈಗೆ ಹೊಂದದಷ್ಟು ವಿಚಿತ್ರವಾಗಿದ್ದರೆ ಮತ್ತೊಮ್ಮೆ ರಕ್ತ ಕೊಡುತ್ತೇನೆ ಅಂತ ಕೇಳಿ. ಕೇಳುವುದು ನಿಮ್ಮ ಹಕ್ಕು.

ಅಂಗೈಯಲ್ಲಿ ಹಿಡಿದರೆ ಎಲ್ಲ ವಿಟಮಿನ್ ತೋರಿಸುವ ಮಷೀನ್, ಕೂದಲಿನ ಟೆಸ್ಟ್ ನಂಬಬಹುದಾ?

ಮಷೀನನ್ನು ಖಂಡಿತ ನಂಬಬೇಡಿ. ಲೋಹದ ಕಡ್ಡಿ ಹಿಡಿಸಿ ಒಂದು ನಿಮಿಷದಲ್ಲಿ ಮೂವತ್ತು ಪುಟದ ರಿಪೋರ್ಟ್ ಕೊಡುತ್ತಾರೆ. ಕೊನೆಯ ಪುಟದಲ್ಲಿ ಅವರದೇ ಡಬ್ಬಿಯ ಬೆಲೆ ಇರುತ್ತದೆ. ಅಂಗೈಯಿಂದ ಬಿ12 ಅಳೆಯಲು ಆಗುವುದಿಲ್ಲ. ಕೂದಲಿನಲ್ಲಿ ಪಾದರಸ, ಆರ್ಸೆನಿಕ್ ಥರದ ವಿಷ ಪತ್ತೆ ಮಾಡಬಹುದು, ಪೋಷಕಾಂಶ ಅಲ್ಲ. ಒಬ್ಬರೇ ವ್ಯಕ್ತಿಯ ಕೂದಲನ್ನು ಅಮೆರಿಕದ ಆರು ಲ್ಯಾಬ್‌ಗಳಿಗೆ ಕಳಿಸಿ ನೋಡಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಒಂದರ ಫಲಿತಾಂಶ ಇನ್ನೊಂದಕ್ಕೆ ಹೊಂದಲಿಲ್ಲ.

ಲಂಡನ್ನಿನಲ್ಲಿರುವ ಮಗಳ ಡಿ 50, ನನ್ನದು 22. ಅವಳಿಗೆ ಹೇಗೆ ಅಷ್ಟು ಜಾಸ್ತಿ?

ಜಾಸ್ತಿ ಇಲ್ಲ, ನಿಮ್ಮದೇ ತುಸು ಮೇಲು. ಅಲ್ಲಿ ನ್ಯಾನೊಮೋಲ್ ಲೆಕ್ಕ, ಇಲ್ಲಿ ನ್ಯಾನೊಗ್ರಾಂ. ಅವಳ 50 ಅನ್ನು ಎರಡೂವರೆಯಿಂದ ಭಾಗಿಸಿ, 20 ಬರುತ್ತದೆ. ಬಿ12 ಕೂಡ ಹಾಗೆಯೇ: ಇಲ್ಲಿನ 200 ಅಲ್ಲಿ ಸುಮಾರು 148. ಯೂನಿಟ್ ನೋಡದೆ ಫೋನಿನಲ್ಲಿ ನಂಬರ್ ಹೋಲಿಸಬೇಡಿ. ಒಂದೇ ಯೂನಿಟ್ ಇದ್ದರೂ ಲ್ಯಾಬಿನಿಂದ ಲ್ಯಾಬಿಗೆ ಮಷೀನ್ ಬೇರೆ. ಹಾಗಾಗಿ ಮೊದಲ ಸಲ ಮಾಡಿಸಿದಲ್ಲೇ ಎರಡನೆಯ ಸಲವೂ ಮಾಡಿಸಿ. ಲ್ಯಾಬ್‌ಗಳ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಲ್ ಮಾನ್ಯತೆ ಇದ್ದರೆ ಒಳ್ಳೆಯದು.

ಮತ್ತೆ ಯಾವಾಗ ಟೆಸ್ಟ್?

ರಕ್ತಹೀನತೆಗೆ ಮಾತ್ರೆ ಶುರುವಾಗಿ ಒಂದು ತಿಂಗಳಿಗೆ ಹಿಮೋಗ್ಲೋಬಿನ್ ನೋಡಿದರೆ ಏರುತ್ತಿದೆಯಾ ಗೊತ್ತಾಗುತ್ತದೆ. ಅದು ನಾರ್ಮಲ್ ಆದ ಮೇಲೂ ಡಬ್ಬಿ ತುಂಬಲು ಇನ್ನೂ ಎರಡು ಮೂರು ತಿಂಗಳು ಮಾತ್ರೆ ಬೇಕು. ಹಿಮೋಗ್ಲೋಬಿನ್ ನಾರ್ಮಲ್ ಬಂತು ಅಂತ ಮಾತ್ರೆ ಬಿಟ್ಟು, ವರ್ಷದೊಳಗೆ ಮತ್ತೆ ಅದೇ ಸುಸ್ತು ಹೊತ್ತು ಬರುವವರೇ ಜಾಸ್ತಿ. ಡಿಗೆ ಮೂರು ತಿಂಗಳಿಗೆ ಮೊದಲು ಬರಬೇಡಿ.

ರಿಪೋರ್ಟ್ ಜೊತೆ ಡಾಕ್ಟರ್ ಹತ್ತಿರ ಏನು ತಗೊಂಡು ಹೋಗಲಿ?

ಒಂದು ಬಟ್ಟೆ ಚೀಲ. ಮನೆಯಲ್ಲಿ ನುಂಗುತ್ತಿರುವ ಎಲ್ಲ ಮಾತ್ರೆ ಚೀಟಿ, ಟಾನಿಕ್ ಬಾಟಲಿ, ಪ್ರೋಟೀನ್ ಡಬ್ಬಿ, ಆಯುರ್ವೇದದ ಪುಡಿ, ನೆಂಟರು ದುಬೈನಿಂದ ತಂದ ವಿಟಮಿನ್ ಡಬ್ಬಿ, ಖಾಲಿ ಪೊಟ್ಟಣಗಳು ಸಮೇತ ಅದರಲ್ಲಿ ಹಾಕಿಕೊಂಡು ಹೋಗಿ ಮೇಜಿನ ಮೇಲೆ ಸುರಿಯಿರಿ.